ಪಟ್ಟಿಯಲ್ಲಿಲ್ಲದ ದನಿ

ಮಾಹಿತಿ ತಂತ್ರಜ್ಞಾನ ವಿಭಾಗದ ಮಾನ್ಯ ಮುಖ್ಯಸ್ಥರೇ,

ಕಳೆದ ತಿಂಗಳ ಮೊದಲ ಸೋಮವಾರ ನೀವು ನನ್ನ ಕಂಪ್ಯೂಟರಿನಿಂದ ತೀರಿಹೋದ ಮನುಷ್ಯರೊಬ್ಬರ ದನಿಯನ್ನು ಅಳಿಸಿ ಹಾಕಿದಿರಿ. ನಿಮ್ಮ ವರದಿಯಲ್ಲಿ ಅದು ‘ಅನಧಿಕೃತ ಎಕ್ಸ್‌ಟೆನ್ಶನ್, ಒಂದು’ ಎಂದು ದಾಖಲಾಗಿರಬಹುದು.

ಮುಂಬಯಿ ಫೋರ್ಟಿನ ನಮ್ಮ ವಿಮಾ ಕಚೇರಿಗೆ ಕನ್ನಡದಲ್ಲಿ ಬರುವ ದೂರುಗಳನ್ನು ಹನ್ನೊಂದು ವರ್ಷಗಳಿಂದ ಓದಿ ಉತ್ತರಿಸುತ್ತಿದ್ದವಳು ನಾನು. ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಕನ್ನಡವನ್ನು ಯಂತ್ರ ಗಟ್ಟಿಯಾಗಿ ಓದುತ್ತಿದ್ದ ರೀತಿಯನ್ನು ಕೇಳಲಾರದೆ, ಪಕ್ಕದ ಮೇಜಿನ ಅನಿಲಕುಮಾರರು ತಾವೇ ಒಂದು ಎಕ್ಸ್‌ಟೆನ್ಶನ್ ಬರೆದರು. ನಾವು ಬಳಸುವ ಬರವಣಿಗೆಯ ತಂತ್ರಾಂಶಕ್ಕೆ ಅದನ್ನು ಜೋಡಿಸಿದರೆ ಸಾಕು, ಕಾಗದವನ್ನು ಓದಿ ಹೇಳುತ್ತಿತ್ತು. ಅವರು ಬೀದರಿನಿಂದ ಬಂದವರು. ವಿಕ್ರೋಳಿಯ ಚಾಳಿನ ಮನೆಯಲ್ಲಿ ಕೂತು, ಆರು ತಿಂಗಳ ರಜೆಗಳನ್ನೆಲ್ಲ ಸುರಿದು, ಸಾವಿರಾರು ಪದಗಳನ್ನು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿದ್ದರು. ಕೆಲವು ಪದಗಳ ಹಿಂದೆ ಲೋಕಲ್ ರೈಲು ಹಾದುಹೋಗುವ ಸದ್ದಿತ್ತು.

ಎರಡು ವರ್ಷದ ಹಿಂದೆ ಡೆಂಗಿಯಿಂದ ಅವರು ತೀರಿಕೊಂಡರು. ಶೋಕಸಭೆ ಮುಗಿಸಿ ಬಂದು ಕೀಲಿ ಒತ್ತಿದೆ. ಅವರೇ ಓದಿದರು. ಆಮೇಲೆ ಅಭ್ಯಾಸವಾಯಿತು ಎಂದರೆ ಸುಳ್ಳಾದೀತು, ಕೆಲಸ ನಡೆಯಿತು.

ಆಗ ಬಂತು ನಿಮ್ಮ ಸುತ್ತೋಲೆ. ಇನ್ನು ಮುಂದೆ ಎಲ್ಲ ಎಕ್ಸ್‌ಟೆನ್ಶನ್‌ಗಳೂ ಕೇಂದ್ರದ ಆನ್‌ಲೈನ್ ಪಟ್ಟಿಯಿಂದಲೇ ಬರಬೇಕು, ಆಯಾ ಕಂಪ್ಯೂಟರಿನಲ್ಲಿ ನಾವಾಗಿ ಹಾಕಿಕೊಂಡವೆಲ್ಲ ತೆಗೆಯಲ್ಪಡುತ್ತವೆ. ಸುರಕ್ಷತೆ ಬೇಕು, ಒಪ್ಪುತ್ತೇನೆ. ಆದರೆ ಅಳಿಸುವ ಮೊದಲು, ಇದು ಯಾರಿಗೆ ಯಾಕೆ ಬೇಕಾಗಿದೆ ಎಂದು ಒಂದು ಮಾತು ಕೇಳಿದ್ದರೆ ಯಾವ ಗೋಡೆ ಕುಸಿಯುತ್ತಿತ್ತು?

ನಿಮ್ಮ ವಿಭಾಗದ ಸಂದೀಪ ಒಳ್ಳೆಯ ಹುಡುಗ. ಅದನ್ನು ಮರಳಿ ಪಡೆಯಲು ಏನು ಮಾಡಬೇಕೆಂದು ಕೇಳಿದ್ದಕ್ಕೆ ಅಳುಕುತ್ತಲೇ ಹೇಳಿದ: “ಮೇಡಂ, ಮಾಡಿದವರೇ ಆನ್‌ಲೈನ್ ಫಾರ್ಮ್ ಭರಬೇಕು. ಅವರ ಮೊಬೈಲಿಗೆ ಓಟಿಪಿ ಬರ್ತದೆ.” ಸತ್ತಿದ್ದಾರೆ ಎಂದೆ. ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲವಂತೆ.

ಪಟ್ಟಿಯಲ್ಲಿದ್ದ ಅಧಿಕೃತ ಧ್ವನಿಯಲ್ಲಿ ಒಂದು ವಾರ ಓದಿದೆ. ತಂದೆಯೊಬ್ಬರು ಬರೆದಿದ್ದ ‘ತೀರಿಕೊಂಡ ಮಗಳು’ ನನ್ನ ಕಿವಿಗೆ ‘ಮಗಲು’ ಆಗಿ ಬಿದ್ದಳು. ತಪ್ಪಾಗಿ ಕೇಳಿಸಿಕೊಂಡು ಎರಡು ತಪ್ಪು ಉತ್ತರ ಬರೆದೆ. ಈಗ ನನ್ನನ್ನು ಸ್ವಾಗತದ ಫೋನಿನ ಮುಂದೆ ಕೂರಿಸಿದ್ದಾರೆ.

ಕೊನೆಯ ಪ್ರಯತ್ನವೆಂದು ಅನಿಲಕುಮಾರರ ಹೆಂಡತಿ ಮಹಾದೇವಿಯವರ ಮನೆಗೆ ಹೋದೆ. ಟ್ರಂಕಿನಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ಹೊರಗೆ ತೆಗೆದರು. ನಾನು ಹೇಳಿದ ಕಡೆ ಅವರು ಒತ್ತುತ್ತ ಹೋದರು. ತಂತ್ರಾಂಶದೊಳಗಿನ ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಅದು ಇತ್ತು, ಬಂದ್ ಮಾಡಿಟ್ಟ ಸ್ಥಿತಿಯಲ್ಲಿ. ಚಾಲೂ ಮಾಡಿಸಿ, ಅಭ್ಯಾಸಬಲದಿಂದ ‘ದಿನಾಂಕ’ ಎಂದು ಟೈಪ್ ಮಾಡಿದೆ.

“ದಿನಾಂಕ,” ಎಂದರು ಅನಿಲಕುಮಾರರು. ಅವರ ದನಿಯ ಹಿಂದೆ, ಎಂದಿನಂತೆ, ತೀರಾ ಸಣ್ಣಗೆ ಏನೋ ಗೊಣಗಿದಂತಿತ್ತು. ಇಷ್ಟು ವರ್ಷ ಅದನ್ನು ಪಕ್ಕದ ಮನೆಯ ರೇಡಿಯೋ ಎಂದುಕೊಂಡಿದ್ದೆ.

ಮಹಾದೇವಿಯವರು ಇನ್ನೊಮ್ಮೆ ಒತ್ತಿರಿ ಎಂದರು. ಮತ್ತೊಮ್ಮೆ ಒತ್ತಿಸಿದರು. ಆಮೇಲೆ ಹೇಳಿದರು: “ಅದು ನಾನ ರೀ ಅಕ್ಕಾರ. ಚಾ ಆರಾಕತ್ತೈತಿ ಅಂತ ಒಳಗಿಂದ ಕರಿಯಾಕತ್ತೀನಿ. ಅವತ್ತ ಅವ್ರು ಎದ್ದು ಬಂದ್ರೋ ಇಲ್ಲೋ, ನೆನಪಾಗವಲ್ದು.”

ಅಂದಿನಿಂದ ಫೋನಿನ ಮುಂದೆ ಕೂತಾಗಲೂ ಆ ಕರೆ ಕೇಳಿಸುತ್ತದೆ, ಯಾರೂ ಓಗೊಡುವುದಿಲ್ಲ.

ಮಹಾದೇವಿಯವರೇ ನಿಮ್ಮ ಫಾರ್ಮ್ ತುಂಬಿದರು. ಓಟಿಪಿ ಗಂಡನ ಹಳೆಯ ನಂಬರಿಗೆ ಹೋಯಿತು. ಆ ನಂಬರು ಈಗ ಅಂಧೇರಿಯ ಯಾರದೋ ಪಾಲಾಗಿದೆ. ಕರೆ ಮಾಡಿದರೆ ರಾಂಗ್ ನಂಬರ್ ಎಂದರು. ಮೂರನೆಯ ದಿನ ಅರ್ಜಿ ತಿರಸ್ಕೃತವಾಯಿತು, ಕಾರಣ: ತಯಾರಕರು ಸ್ಪಂದಿಸಿಲ್ಲ. ಎಷ್ಟು ಸತ್ಯವಾದ ಮಾತು, ಮಾನ್ಯರೇ.

ಆದ್ದರಿಂದ ಕೇಳುತ್ತಿದ್ದೇನೆ. ವಾರಸುದಾರಳಾಗಿ ಮಹಾದೇವಿಯವರ ಸಹಿಯನ್ನು ಒಪ್ಪಿಕೊಳ್ಳಿ. ಆ ಎಕ್ಸ್‌ಟೆನ್ಶನ್ ಅನ್ನು ಬೇಕಾದಷ್ಟು ಪರೀಕ್ಷಿಸಿ, ನನ್ನ ಒಂದು ಕಂಪ್ಯೂಟರಿಗೆ ಮರಳಿ ಹಾಕಿಕೊಡಿ, ನನ್ನನ್ನು ನನ್ನ ದೂರುಗಳ ಬಳಿಗೆ ಕಳಿಸಿ. ಇದನ್ನೆಲ್ಲ ಹೀಗೆ ಪತ್ರಿಕೆಗೆ ಬರೆದ ತಪ್ಪಿಗೆ ನೋಟಿಸ್ ಕೊಡುವುದಾದರೆ ದಯವಿಟ್ಟು ಕನ್ನಡದಲ್ಲೇ ಕೊಡಿ. ಓದಿ ಹೇಳಲು ಯಾರನ್ನಾದರೂ ಹುಡುಕಿಕೊಳ್ಳುತ್ತೇನೆ.

ಇಂತಿ,
ಓದುವ ಕೆಲಸದಿಂದ ಎಬ್ಬಿಸಿ ‘ಹಲೋ’ ಎನ್ನಲು ಕೂರಿಸಲ್ಪಟ್ಟ
ವಸಂತಿ, ಫೋರ್ಟ್, ಮುಂಬಯಿ