ನಲವತ್ತೊಂದನೇ ನಂಬರಿನ ರಕ್ತ

ಅಕ್ಕ,

ಲೂಪಸ್ ಕಾಯಿಲೆ ನಿನ್ನನ್ನು ಕರೆದೊಯ್ಯುವ ಮುಂಚೆ ನಮ್ಮ ಲ್ಯಾಬಿಗೆಂದು ನೀನು ಕೊಟ್ಟಿದ್ದ ರಕ್ತವನ್ನು ಇಂದು ಪರೀಕ್ಷಿಸಿದೆ. ಪಟ್ಟಿಯಲ್ಲಿ ನಿನಗೆ ಹೆಸರಿಲ್ಲ, ನಲವತ್ತೊಂದು ಎಂಬ ನಂಬರ್ ಮಾತ್ರ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಿತ್ತು; ನನ್ನದನ್ನೇ ಕೊಟ್ಟೆ.

ನಮ್ಮ ಜೀವಕೋಶಗಳಲ್ಲಿ ಬಳೆಯ ಹಾಗೆ ತುದಿಯಿಲ್ಲದ ಆರ್‌ಎನ್‌ಎ ಎಳೆಗಳಿವೆ. ರೋಗದಿಂದ ಮೈ ಕಾಯುವ ಪಡೆ ಸುಮ್ಮಸುಮ್ಮನೆ ರೇಗಿ ಮೈಯ ಮೇಲೇ ಬೀಳದಂತೆ ಅವು ತಡೆಹಿಡಿಯುತ್ತವೆ. ನನ್ನ ರಕ್ತದಲ್ಲಿ ಬೇಕಾದಷ್ಟಿದ್ದವು. ನಿನ್ನದರಲ್ಲಿ ತೀರಾ ಕಡಿಮೆ. ನಿನ್ನ ಮೈಯಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಕೀಲೆಲ್ಲ ನೋವು ಕಣೇ, ಏಳೋಕೇ ಆಗ್ತಿಲ್ಲ" ಎಂದು ನೀನು ಮಲಗಿದ್ದ ದಿನ, "ಪಾತ್ರೆ ತೊಳೆಯೋ ಹೊತ್ತಿಗೇ ಸರಿಯಾಗಿ ಬರುತ್ತಲ್ಲ ನಿನ್ನ ನೋವು!" ಎಂದಿದ್ದೆ. ಅಮ್ಮ ನಕ್ಕಿದ್ದಳು. ನೀನೂ ನಕ್ಕು, ಗೋಡೆ ಹಿಡಿದು ಎದ್ದು, ಪಾತ್ರೆ ತೊಳೆದಿದ್ದೆ.

ಸಂಜೆ ಟೆಕ್ನಿಷಿಯನ್ ಬಂದು ಕೇಳಿದ: "ಮೇಡಂ, ನಲವತ್ತೊಂದನೇ ನಂಬರಿನವರಿಗೆ ರಿಸಲ್ಟ್ ಯಾರು ತಿಳಿಸ್ತಾರೆ?"

"ನಾನೇ ಹೇಳ್ತೀನಿ" ಎಂದೆ.

ಅವನು ಬ್ಯಾಗ್ ಹೆಗಲಿಗೇರಿಸಿ ಮನೆಗೆ ಹೋದ. ಹೇಗೆ ಹೇಳಲೆಂದು ತಿಳಿಯದೆ ನಾನಿನ್ನೂ ಇಲ್ಲೇ ಕೂತಿದ್ದೇನೆ.