ಮಾವ ತಟ್ಟಿ ನೋಡಿದ ಕಲ್ಲು

ಮಂಗಳವಾರ, ನವೆಂಬರ್ ೧೨

ಆ ಶಬ್ದ ಇನ್ನೂ ಕಿವಿ ಬಿಟ್ಟು ಹೋಗಿಲ್ಲ. ಕಲ್ಲು ಒಡೆದ ಶಬ್ದವಲ್ಲ, ಬೆಳಿಗ್ಗೆ ಸೋದರಮಾವ ಅದನ್ನು ತಟ್ಟಿ ನೋಡಿದಾಗ ಬಂದದ್ದು.

ಬಿರುಕಿಲ್ಲದ ಕಲ್ಲು ಠಣ್ ಎನ್ನುತ್ತದೆ. ಇದನ್ನು ನನಗೆ ಕಲಿಸಿದವರೇ ಮಾವ. ಮ್ಯೂಸಿಯಂನ ಹಿಂದಿನ ಕೋಣೆಯಲ್ಲಿ ಕೂತು, ಆದಿಮಾನವರ ಹಾಗೆ ಕಲ್ಲಿನಿಂದ ಕಲ್ಲು ಹೊಡೆದು ಕೈಗೊಡಲಿ ಮಾಡುತ್ತೇವೆ, ಬಂದವರು ಮುಟ್ಟಿ ನೋಡಲಿ ಎಂದು. ಇವತ್ತಿನ ಕಲ್ಲು ಡಬ್ ಎಂದಿತು. ಮಾವ ತಲೆದೂಗಿ, "ಚಿನ್ನದಂಥ ಕಲ್ಲು ಕಣೇ" ಅಂದರು.

ನಾನು ಬಾಯಿ ಬಿಡಲಿಲ್ಲ. ಮರ್ಯಾದೆಯೋ, ಪುಕ್ಕಲುತನವೋ! ಮಧ್ಯಾಹ್ನದವರೆಗೂ ಅವರು ಬಗ್ಗಿ ಚಕ್ಕೆ ತೆಗೆಯುತ್ತಲೇ ಇದ್ದರು. ತೊಡೆಗೆ ಹಾಸಿಕೊಂಡ ಚರ್ಮದ ತುಂಡಿನ ಮೇಲೆ ಕಲ್ಲಿಗೆ ಎಲೆಯಂಥ ಅಂಚು ಮೂಡುತ್ತಿತ್ತು. ಅಷ್ಟು ಚೆಂದದ್ದನ್ನು ಅವರು ಈಚೆಗೆ ಮಾಡಿರಲೇ ಇಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಒಂದೇ ಏಟಿಗೆ ಎರಡು ಹೋಳಾಯಿತು.

ಹೋಳಿನ ಒಳಗೆ ಹಳೆಯ ಬಿರುಕು ತುಕ್ಕಿನ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಮಾವ ಅದರ ಮೇಲೆ ಹೆಬ್ಬೆರಳು ಸವರಿದರು.

"ನಿಂಗೆ ಬೆಳಿಗ್ಗೇನೇ ಕೇಳಿಸಿತ್ತು, ಅಲ್ವಾ?"

"ಹೂಂ, ಮಾವ."

"ನಂಗೆ ಕೇಳಿಸ್ಲಿಲ್ಲ. ಹೇಳ್ಬಾರ್ದಿತ್ತಾ, ಕತ್ತೆ?"

ಇನ್ನಷ್ಟು ಬೈಗುಳಕ್ಕೆ ಕಾದೆ. ಅವರು ಹೋಳುಗಳನ್ನು ಪಕ್ಕಕ್ಕಿಟ್ಟು, ಹೊಸ ಕಲ್ಲೊಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ತಟ್ಟಿದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೂತರು. ಇಷ್ಟು ವರ್ಷ ಕಲ್ಲು ಹೇಗಿದೆಯೆಂದು ಅವರ ಮುಖ ನೋಡುತ್ತ ಹಾಗೆ ಕಾಯುತ್ತಿದ್ದವಳು ನಾನು.

ಠಣ್ ಎಂದಿತ್ತು. ಹೂಂ ಎಂದು ತಲೆಯಾಡಿಸಿದೆ. ಆಮೇಲಷ್ಟೇ ಮಾವ ಹೊಡೆಯುವ ಕಲ್ಲನ್ನು ಕೈಗೆತ್ತಿಕೊಂಡರು.