ಡಿಪೋ ಕ್ಯಾಂಟೀನಿನ ಇಂಗ್ಲಿಷ್

ಡೈಮಂಡ್ ಬಾರ್
೧೨ ಮಾರ್ಚ್ ೨೦೧೭

ಗೆಳೆಯ ಕರಿಬಸಪ್ಪ,

ಶರಣು. ನಿನ್ನ ಪತ್ರ ಬಂದು ಮೂರು ತಿಂಗಳಾಯಿತು, ತಡಮಾಡಿದೆನೆಂದು ಬೈಯಬೇಡ. ಬರ್ಮಿಂಗ್‌ಹ್ಯಾಮಿನ ಚಳಿಗೆ ನಿನ್ನ ಮೊಣಕಾಲು ಹೇಗಿದೆ? ಇಲ್ಲಿ ಡೈಮಂಡ್ ಬಾರ್ ಊರಿನಲ್ಲಿ ಮಗಳು ರಜನಿ ಬೆಳಗಾದರೆ ಸ್ಯಾನ್ ಪೀಡ್ರೊ ಬಂದರಿನ ಆಫೀಸಿಗೆ ಓಡುತ್ತಾಳೆ. ನಾನು ಮನೆ ಕಾಯುತ್ತೇನೆ.

ಈಗ ನನ್ನ ತಲೆ ಕೆಡಿಸಿದ ಸಂಗತಿ ಕೇಳು. ಮೊಮ್ಮಗಳು ಮೇಧಾ ಲಾಂಗ್ ಬೀಚಿನಲ್ಲಿ ಭಾಷಾಶಾಸ್ತ್ರ ಓದುತ್ತಾಳಲ್ಲ, ಇಂಗ್ಲೆಂಡಿನ ಹಳೆಯ ಆಡುಮಾತಿನ ಮೇಲೆ ಅವಳಿಗೊಂದು ಪ್ರಾಜೆಕ್ಟ್. ಅಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಾವಿಬ್ಬರೂ ಬಸ್ ಓಡಿಸುತ್ತಿದ್ದಾಗ ಡಿಪೋ ಕ್ಯಾಂಟೀನಿನಲ್ಲಿ ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಗೀಚಿಕೊಂಡಿದ್ದೆನಲ್ಲ, ಆ ನೋಟ್‌ಬುಕ್ ಹೊರತೆಗೆದೆ. ಥ್ಯಾಂಕ್ಸಿಗೆ ‘ಟಾ’ ಇಲ್ಲವೇ ‘ಚಿಯರ್ಸ್’, ಮೇಲಧಿಕಾರಿಗೆ ‘ಗ್ಯಾಫರ್’, ಸುಸ್ತಾದರೆ ‘ನ್ಯಾಕರ್ಡ್’, ಗೆಳೆಯನಿಗೆ ‘ಮೇಟ್’. “ಅಲ್ಲೆ ಎಲ್ಲಾರೂ ನನಗ ಮೇಟ್ ಅಂತಿದ್ರವಾ” ಎಂದು ಜಂಬ ಕೊಚ್ಚಿದೆ. ಅವಳು ರೆಕಾರ್ಡ್ ಮಾಡಿಕೊಂಡಳು.

ಹೋದ ಭಾನುವಾರ ಸಹಪಾಠಿ ಕ್ಯಾಲಮ್‌ನನ್ನು ಕರೆತಂದಳು. ನಮ್ಮ ಬರ್ಮಿಂಗ್‌ಹ್ಯಾಮಿನವನೇ, ಇಪ್ಪತ್ತರ ಹುಡುಗ. ನನ್ನ ‘ಗ್ಯಾಫರ್’ ಕೇಳಿ ಅವನಿಗೆ ತನ್ನ ಅಜ್ಜನ ನೆನಪಾಯಿತಂತೆ. ನಾನು ಮಾಡಿದ ಗಿರಮಿಟ್ ತಿಂದು ‘ಸಿಕ್’ ಅಂದ. ಹೊಟ್ಟೆ ಕೆಟ್ಟಿತೇನೋ ಎಂದು ನಾನು ಗಾಬರಿಯಾಗಿ ನೀರು ತರಲು ಎದ್ದರೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಈಗಿನವರಿಗೆ ಅದು ಹೊಗಳಿಕೆಯಂತೆ!

ಹೊರಡುವಾಗ ಹೆಗಲ ಮೇಲೆ ಕೈಯಿಟ್ಟು “ಚಿಯರ್ಸ್, ಮೇಟ್” ಅಂದ. ನನ್ನ ಕಣ್ಣು ತುಂಬಿ ಬಂತು. ಮೇಧಾಗೆ ಏನೂ ಅರ್ಥವಾಗಲಿಲ್ಲ. “ಅಜ್ಜಾ, ಹಿ ಸೇಸ್ ದಟ್ ಟು ಎವ್ರಿಬಡಿ!” ಅಂದಳು. ಅಂದು ಬೆಳಿಗ್ಗೆ ಪಾರ್ಕಿಂಗ್ ಜಾಗಕ್ಕಾಗಿ ಜಗಳಕ್ಕೆ ಬಂದವನಿಗೂ ಹಾಗೆಯೇ ಅಂದಿದ್ದನಂತೆ. ಹಾಗಾದರೆ ನನಗೆ ಸಿಕ್ಕಿದ್ದಾದರೂ ಏನು? ಸಂತೋಷಪಡಬೇಕೋ ಬೇಡವೋ ತಿಳಿಯದೆ ವಾರವಿಡೀ ಒದ್ದಾಡಿದ್ದೇನೆ.

ಚೆನ್ನಮ್ಮನಿಗೆ ಶರಣು ಹೇಳು, ಮಕ್ಕಳು ಮೊಮ್ಮಕ್ಕಳಿಗೆ ಆಶೀರ್ವಾದ. ಬಸವಣ್ಣ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ನೀಲಕಂಠಪ್ಪ

ತಾ.ಕ.: ಮಗು ಮೇಧಾಗೆ ಸುಳ್ಳು ಹೇಳಿದ್ದೇನೆ. ನಿನಗೆ ಗೊತ್ತೇ ಇದೆ, ಆ ಮಾತುಗಳೆಲ್ಲ ನಾವು ಪಕ್ಕದ ಮೇಜಿನಿಂದ ಕೇಳಿಸಿಕೊಂಡವು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೂ ನಮ್ಮನ್ನು ಆ ಮೇಜಿಗೆ ಕರೆಯಲಿಲ್ಲ. ಬುತ್ತಿ ಬಿಚ್ಚಿ “ಬಾರಲೇ ಮೇಟ್, ರೊಟ್ಟಿ ತಿನ್ನೂಣು” ಎನ್ನುತ್ತಿದ್ದವನು ನೀನೊಬ್ಬನೇ. ಮುಂದಿನ ತಿಂಗಳು ಮೇಧಾ ಆ ರೆಕಾರ್ಡಿಂಗನ್ನು ಕ್ಲಾಸಿನಲ್ಲಿ ಕೇಳಿಸುತ್ತಾಳೆ. ಅದಕ್ಕೆ ಮೊದಲು ನಿನಗೂ ಫೋನ್ ಮಾಡಿ ವಿಚಾರಿಸುತ್ತಾಳಂತೆ. ಎರಡು ಸಲ ಅವಳ ಕೋಣೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ನಿಜವನ್ನು ನೀನೇ ಹೇಳಿಬಿಡು, ನನ್ನ ಬಾಯಿಂದ ಬರುತ್ತಿಲ್ಲ.